ದಾರ ಕಟ್ಟಿದ ಫ್ಲೋಟ್

ನಿಮ್ಮ ಹೀರೋಗಳನ್ನೆಲ್ಲ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ! ನಮ್ಮ ಡೈಲಾಗ್ ಅಂದರೆ, ಉರಿಯುವ ಶೆಡ್ಡಿಗೆ ನುಗ್ಗಿ ಅಣ್ಣನನ್ನು ಹೆಗಲ ಮೇಲೆ ಹೊತ್ತು ತಂದ ಗಂಡು. ಬಾಯಿ ತೆರೆದರೆ ಸಿನಿಮಾ ಮಾತು. ಅದಕ್ಕೇ ಆ ಅಡ್ಡಹೆಸರು.

ಅಣ್ಣನದು ನಲ್ಲಿ, ಹಿಡಿಕೆಗಳಿಗೆ ಹೊಳಪು ಕೊಡುವ ಪುಟ್ಟ ಪ್ಲೇಟಿಂಗ್ ಶೆಡ್. ಅಲ್ಲಿ ಪ್ಲಾಸ್ಟಿಕ್ ತೊಟ್ಟಿಯ ನೀರನ್ನು ಒಂದು ಹೀಟರ್ ರಾಡ್ ದಿನವಿಡೀ ಬಿಸಿಯಾಗಿ ಇಡುತ್ತಿತ್ತು. ನೀರು ಆವಿಯಾಗಿ ಇಳಿದರೆ, ಅದರಲ್ಲಿ ತೇಲುವ ಗುಂಡು, ಅಂದರೆ ಫ್ಲೋಟ್, ತಾನೂ ಇಳಿದು ಕರೆಂಟು ಕಡಿಯುತ್ತಿತ್ತು. ಆಗ ಬಕೆಟ್ ಹೊತ್ತು ನೀರು ತುಂಬಬೇಕು. ಡೈಲಾಗ್‌ಗೆ ಅದೇ ತಲೆನೋವು. ಫ್ಲೋಟನ್ನು ಮೇಲಕ್ಕೆತ್ತಿ ದಾರದಿಂದ ಬಿಗಿದುಬಿಟ್ಟ.

ವೈರಿಂಗ್ ನೋಡಲು ಬಂದ ಕರೆಂಟಕ್ಕ ಅದನ್ನು ಕಂಡಳು.

"ಯಾವನೋ ಇದನ್ನ ನೇಣಿಗೆ ಹಾಕ್ದೋನು?"

"ನಾನೇ ಅಕ್ಕಾ. ಈ ಶೆಡ್ಡಲ್ಲಿ ಕಟ್ ಹೇಳೋಕೆ ಒಬ್ನೇ ಡೈರೆಕ್ಟರ್!"

"ಬಿಲ್ಡಪ್ ಸಾಕು. ರಾಡ್ ಮುಳುಗಿದ್ರೆ ನೀರು ಕಾಯುತ್ತೆ. ನೀರು ಇಳಿದ್ರೆ ರಾಡೇ ಕೆಂಡ ಆಗುತ್ತೆ. ತೊಟ್ಟಿ ಪ್ಲಾಸ್ಟಿಕ್ಕು ಕಣೋ! ಬಿಚ್ಚು ಮೊದ್ಲು."

"ಇಷ್ಟು ದಿನ ಏನೂ ಆಗಿಲ್ವಲ್ಲಕ್ಕಾ."

"ಆದ್ಮೇಲೆ ನಿನ್ನ ಡೈಲಾಗ್ ಕೇಳೋಕೆ ಯಾರಿರ್ತಾರೆ?"

ಅವಳೆದುರು ಬಿಚ್ಚಿದ. ಅವಳ ಸ್ಕೂಟರ್ ಸದ್ದು ದೂರವಾದದ್ದೇ ಮತ್ತೆ ಕಟ್ಟಿದ.

ಮರುದಿನ ಊಟದ ಹೊತ್ತು. ಅಣ್ಣ ಹಿತ್ತಲಲ್ಲಿ ಬುತ್ತಿ ಬಿಚ್ಚಿ ಕೂತಿದ್ದ. ಒಳಗೆ ನೀರು ರಾಡಿಗಿಂತ ಕೆಳಗಿಳಿಯಿತು, ರಾಡ್ ಕೆಂಪಾಯಿತು, ತೊಟ್ಟಿ ಹೊತ್ತಿಕೊಂಡಿತು.

ಈಗ ಹೊಸ ಶೆಡ್ಡು, ಸ್ಟೀಲ್ ತೊಟ್ಟಿ. ಅಣ್ಣನ ಬಲಗೈ ಬೆರಳು ಮಾತ್ರ ಮಡಚುವುದಿಲ್ಲ. ಅಂಗಿಯ ಗುಂಡಿ ಹಾಕುವವಳು ಅತ್ತಿಗೆ. ಬೆಳಿಗ್ಗೆ ಡೈಲಾಗ್ ಹೊರಡುವಾಗ ಅವಳದು ಒಂದೇ ಮಾತು: "ಫ್ಲೋಟ್ ನೋಡ್ತೀಯಲ್ವಾ?" ಗುಂಡು ಸಲೀಸಾಗಿ ತೇಲುವುದನ್ನು ಕಣ್ಣಾರೆ ನೋಡದೆ ಡೈಲಾಗ್ ಈಗ ಸ್ವಿಚ್ ಮುಟ್ಟುವುದಿಲ್ಲ. ಸಿನಿಮಾ ಮಾತೂ ಆಡುವುದಿಲ್ಲ.

ಹೀಟರ್ ಇಟ್ಟು ಕೆಲಸ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಫ್ಲೋಟಿಗೂ ದಾರವೋ ತಂತಿಯೋ ಕಟ್ಟಿದ್ದರೆ, ಇವತ್ತೇ ಮೇನ್ ಸ್ವಿಚ್ ಆರಿಸಿ ಬಿಚ್ಚಿಹಾಕಿ. ಅದು ಕರೆಂಟು ಕಡಿದರೆ ನೀರು ತುಂಬಿ; ಅದರ ಬಾಯಿ ಕಟ್ಟಬೇಡಿ.

ಹಾಂ, ಮೊದಲು ಹೇಳಿದ್ದು ಬರೀ ಬಿಲ್ಡಪ್. ಡೈಲಾಗ್ ಯಾರನ್ನೂ ಹೊತ್ತು ತರಲಿಲ್ಲ. ಆಗ ಅವನು ರಸ್ತೆಯಾಚೆ ಟೀ ಅಂಗಡಿಯಲ್ಲಿ, ಕರೆಂಟಕ್ಕನ ದನಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಬೆಂಕಿಗೆ ನುಗ್ಗಿದ್ದು ಅಣ್ಣ. ತಮ್ಮ ಒಳಗಿದ್ದಾನೆ ಅಂದುಕೊಂಡು.