ರೆಫಿದಿಮ್‌ನ ಬಿಳಿ ಬಾವುಟ

೨೦೧೯ರ ಅಕ್ಟೋಬರ್ ೧೨, ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ರೆಫಿದಿಮ್ ಮಿಶನ್ನಿನ ಹಳೆಯ ಪಾದ್ರಿಮನೆಯ ಮೇಲೆ ಬಿಳಿ ಬಾವುಟ ಏರಿತು. ಏರಿಸಿದವರು ಸಭೆಯ ಹಿರಿಯರಾದ ನ್ತಾತೆ ಲೆತುಕಾ. ದೊಡ್ಡ ಗಂಡಸರನ್ನೆಲ್ಲ ನಾವು ನ್ತಾತೆ, ಅಂದರೆ ಅಪ್ಪಾ, ಎಂದೇ ಕರೆಯುವುದು, ಅವರು ಅದಕ್ಕೆ ಯೋಗ್ಯರಿರಲಿ, ಇಲ್ಲದಿರಲಿ.

ಲೆಸೊಥೊದ ನಮ್ಮ ಹಳ್ಳಿಗಳಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿದ ಮನೆಯಲ್ಲಿ ಮಾಂಸ, ಹಸಿರು ಕಟ್ಟಿದಲ್ಲಿ ಸೊಪ್ಪು, ಬಿಳಿ ಕಟ್ಟಿದಲ್ಲಿ ಜೋಳದ ಹೆಂಡ ಮಾರಾಟಕ್ಕಿದೆ. ಲೆತುಕಾ ಅವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಮಿಶನ್ ಗೋಡೆಯೊಳಗೆ ಹುಟ್ಟಿದ ನಮ್ಮವರು ಮೂರು ತಲೆಮಾರಿನಿಂದ ಆ ಬಾವುಟಗಳನ್ನು ಕಂಡೂ ಕಾಣದವರಂತೆ ದಾಟುವುದನ್ನು ಒಂದು ವಿದ್ಯೆಯಾಗಿ ಬೆಳೆಸಿಕೊಂಡಿದ್ದಾರೆ. ಅತಿಥಿಗಳೆದುರು "ಇದು ಹೆಂಡದ ಗುರುತು" ಎಂದರೆ "ನಿಮಗೆ ಹೇಗೆ ಗೊತ್ತು?" ಎಂಬ ಮಾತು ಬರುತ್ತದಲ್ಲ! ಆದ್ದರಿಂದ ಲೆತುಕಾ ಹಗ್ಗ ಎಳೆದು, ಗಂಟು ಹಾಕಿ, ಕಣ್ಣುಮುಚ್ಚಿ ಪ್ರಾರ್ಥಿಸಿದರು.

ಬಾವುಟ ತಂದವನು ಇಲ್ಲಿನ ಕೊನೆಯ ಬಿಳಿ ಪಾದ್ರಿಯ ಮೊಮ್ಮಗ ಡಿದಿಯೆ. ಅಜ್ಜನ ಊರನ್ನು ನೋಡಲು ಏಳು ಜನ ನೆಂಟರೊಂದಿಗೆ ಬಂದಿದ್ದ. ಅಂಗಳದ ಪೀಚ್ ಮರವನ್ನು ತಬ್ಬಿ "ಅಜ್ಜ ನೆಟ್ಟ ಮರ" ಎಂದು ಕಣ್ಣೊರೆಸಿಕೊಂಡ. ಅಜ್ಜ ಹಡಗು ಹತ್ತಿ ಹೋದ ಮರುವರ್ಷ ಅದನ್ನು ನೆಟ್ಟವನು ನನ್ನ ಅಪ್ಪ. ರಾಜಧಾನಿ ಮಸೇರುವಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಮರಕ್ಕಾಗಿ ಬಂದವಳಲ್ಲ. ಅಪ್ಪನ ತಂಗಿ ಮಾಖೌತಾ ಕರೆದಳೆಂದು ಬಂದವಳು.

ಅತ್ತೆಯ ಮನೆ ಗೋಡೆಯ ಆಚೆ. ಹೆಂಡ ಕಾಯಿಸುತ್ತಾಳೆಂದು ಸಭೆ ಅವಳನ್ನು ಎಂದೋ ಹೊರಗಿಟ್ಟಿತ್ತು. ಅದಕ್ಕೆ ಅವಳು ತಲೆ ಕೆಡಿಸಿಕೊಂಡವಳಲ್ಲ. ಆದರೆ ಈ ಚಳಿಗಾಲದಲ್ಲಿ, ಜುಲೈ ತಿಂಗಳಲ್ಲಿ, ಲೆತುಕಾ ಮತ್ತವರ ಸಮಿತಿ ಮಿಶನ್ ಅಂಗಳದ ಒರತೆಗೂ ಬೀಗ ಹಾಕಿತು. ಅದು ಪಾದ್ರಿ ಕಂಡುಹಿಡಿದ ಪವಿತ್ರ ಜಲವಂತೆ! ಪಾದ್ರಿ ಹುಟ್ಟುವ ಮೊದಲು ಅಲ್ಲಿ ನೀರು ಕುಡಿದವರು ದನಗಳೇನೋ. ಅಂದಿನಿಂದ ಗೋಡೆಯಾಚೆಯ ಹೆಂಗಸರೆಲ್ಲ ಕೊರಕಲಿಳಿದು ಹಳ್ಳದಿಂದ ನೀರು ಹೊರುತ್ತಿದ್ದರು. ಅತ್ತೆಯ ಮೊಣಕಾಲು ಊದಿತ್ತು. ಇವತ್ತು ಡಿದಿಯೆ ಒರತೆಗೆ ಕಬ್ಬಿಣದ ಜಾಲರಿ ಕೂರಿಸಿ ಹಿತ್ತಾಳೆ ಫಲಕ ಬಡಿಸಿಬಿಟ್ಟರೆ ಆ ನೀರು ಮತ್ತೆ ಸಿಗುವಂತಿರಲಿಲ್ಲ.

"ನಾನೇ ಹೋಗಿ ಆ ಬಿಳಿಯನ ಹತ್ರ ಮಾತಾಡ್ತೀನಿ ಕಣೆ," ಎಂದಿದ್ದಳು ಅತ್ತೆ.

"ನೀನು ಬಾಯಿ ತೆಗೆದ್ರೆ ಮಿಶನ್ ಮಾನ ಹೋಗುತ್ತೆ," ಎಂದು ಲೆತುಕಾ ಗೇಟಿನಲ್ಲೇ ಅವಳನ್ನು ತಡೆದಿದ್ದರು.

ಬಾವುಟ ಏರಿ ಸ್ವಲ್ಪ ಹೊತ್ತಿಗೆ ಎದುರು ಗುಡ್ಡದಿಂದ ಕಂಬಳಿ ಹೊದ್ದ ಇಬ್ಬರು ಇಳಿದರು. ಹಿಂದೆ ಮತ್ತೆ ಐದಾರು ಜನ. ಆಮೇಲೆ ಕುದುರೆ ಸವಾರರು. ಸಾಲುವಷ್ಟು ನೀರಿಲ್ಲದೆ ಅತ್ತೆ ಹೆಂಡ ಕಾಯಿಸಿರಲಿಲ್ಲ. ಊರು ಒಣಗಿ ಕೂತಿತ್ತು. ಬಟ್ಟೆಯ ಮೂಲೆಯಲ್ಲಿ ಹೊಲಿದಿದ್ದ ಪುಟ್ಟ ಶಿಲುಬೆ ಅಷ್ಟು ದೂರಕ್ಕೆ ಯಾರಿಗೆ ಕಂಡೀತು?

"ನೋಡಿ, ನೋಡಿ!" ಡಿದಿಯೆ ಗುಡ್ಡದತ್ತ ಕೈ ತೋರಿದ. "ಅಜ್ಜನ ಮಂದೆ ವಾಪಸ್ ಬರ್ತಾ ಇದೆ! ಬಾವುಟ ನೋಡಿ ಬಂದ್ರಾ?"

"ಬಾವುಟ ನೋಡಿಯೇ ಬಂದ್ರು, ಸ್ವಾಮಿ," ಎಂದರು ಲೆತುಕಾ. ಅವರು ಆ ದಿನ ನುಡಿದ ಒಂದೇ ಸತ್ಯ ಅದು.

ಕುದುರೆಯಿಂದ ಇಳಿದ ಸೆಕೆತೆ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಶಾಂತಿ, ನ್ತಾತೆ. ನೀವೂ ಶುರುಮಾಡಿದ್ರಾ? ಒಳ್ಳೇದಾಯ್ತು. ನಿನ್ನೆದೋ, ಹುಳಿ ಬಂದಿರೋದೋ?"

"ಇಲ್ಲಿ ಅಂಥದ್ದೇನೂ ಇಲ್ಲ. ನಡಿ, ನಡಿ."

"ಮತ್ತೆ ಮೇಲೆ ನೇತಾಡ್ತಿರೋದು ನಿಮ್ಮ ಚಡ್ಡಿನಾ?"

ಗುಂಪು ನಕ್ಕಿತು. ನಮ್ಮ ಭಾಷೆ ತಿಳಿಯದ ಅತಿಥಿಗಳೂ ಜನ ನಗುವುದನ್ನು ಕಂಡು ಆನಂದದಿಂದ ನಕ್ಕರು. ಆದರೆ ಸೆಕೆತೆ ಹೊರಡಲಿಲ್ಲ. ಸುಳ್ಳು ಬಾವುಟ ಕಟ್ಟಿದ ಮನೆಯನ್ನು ನಮ್ಮ ಕಡೆ ಯಾರೂ ಸುಲಭಕ್ಕೆ ಮರೆಯುವುದಿಲ್ಲ. ಅದು ಲೆತುಕಾ ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಗುಂಪಿನ ನಡುವೆ ನುಸುಳಿ, ಖಾಲಿ ಬಕೆಟ್ ಹಿಡಿದು ಅತ್ತೆ ಒಳಗೆ ಬಂದಳು.

"ಇವರನ್ನ ಯಾಕ್ರಪ್ಪಾ ಪೀಡಿಸ್ತೀರಿ? ಹೆಂಡ ಕಾಯ್ಸೋಕೆ ನೀರು ಬೇಡ್ವಾ? ನೀರಿಗೆ ಬೀಗ ಬಿದ್ದಿದೆ. ಬೀಗದ ಕೈ ಈ ದೊಡ್ಡಮನುಷ್ಯರ ಕೊರಳಲ್ಲಿದೆ, ಶಿಲುಬೆ ಪಕ್ಕದಲ್ಲೇ."

ಎಲ್ಲರ ಕಣ್ಣೂ ಲೆತುಕಾ ಅವರ ಕೊರಳಿಗೆ ಹೋಯಿತು.

"ಏನು ಹೇಳ್ತಿದ್ದಾರೆ?" ಡಿದಿಯೆ ನನ್ನನ್ನು ಕೇಳಿದ. ಲೆತುಕಾ ನನ್ನತ್ತ ಬೇಡುವವರಂತೆ ನೋಡಿದರು.

"ಬಾಯಾರಿಕೆ ಅಂತಿದ್ದಾರೆ," ಎಂದೆ. "ಒರತೆಗೆ ಯಾಕೆ ಬೀಗ ಅಂತ ಕೇಳ್ತಿದ್ದಾರೆ."

"ಬೀಗವೇ!" ಜಾಲರಿಯನ್ನು ಸಮುದ್ರ ದಾಟಿಸಿ ತಂದವನು ನೊಂದುಕೊಂಡ. "ಇಷ್ಟು ಜನ ಬಾಯಾರಿ ನಿಂತಿರುವಾಗ? ತೆಗೀರಿ, ತೆಗೀರಿ. ಕ್ಯಾಮೆರಾ ಎಲ್ಲಿ?"

ಹೆಂಡದ ಮಾತು ಡಿದಿಯೆಯ ಕಿವಿಗೆ ಬೀಳುವುದಕ್ಕಿಂತ ಬೀಗ ತೆಗೆಯುವುದೇ ವಾಸಿ ಎಂದು ಲೆತುಕಾ ಲೆಕ್ಕ ಹಾಕಿರಬೇಕು. ತೆಗೆದರು. ಗಂಡಸರು ಮುಖ ಸಿಂಡರಿಸಿ ಬೊಗಸೆಯಲ್ಲಿ ನೀರು ಕುಡಿದರು.

"ಚಪ್ಪೆ," ಎಂದ ಸೆಕೆತೆ.

"ಧನ್ಯವಾದ ಹೇಳ್ತಿದ್ದಾನೆ," ಎಂದು ಅನುವಾದಿಸಿದರು ಲೆತುಕಾ.

ಡಿದಿಯೆ ಮಂಡಿಯೂರಿ ಚಿತ್ರ ತೆಗೆದ, ಮತ್ತೆ ಮತ್ತೆ ತೆಗೆದ. ಎದ್ದವನು ಜಾಲರಿಯ ಪೆಟ್ಟಿಗೆಯನ್ನು ನೋಡಿ ತಲೆಯಾಡಿಸಿದ. "ಜಾಲರಿ ಬೇಡ. ಅದು ಅಡ್ಡ ಬಂದ್ರೆ ಇಂಥ ಚಿತ್ರ ಸಿಗಲ್ಲ. ಫಲಕ ಸಾಕು." ನಮ್ಮ ನೀರು ನಮಗೆ ದಕ್ಕಿದ್ದು ಇಷ್ಟು ದೊಡ್ಡ ಆದರ್ಶದಿಂದ.

ಅತ್ತೆ ಬೀಗವನ್ನು ಲೆತುಕಾ ಅವರ ಕೈಯಿಂದ ತೆಗೆದುಕೊಂಡು ಕಂಬಳಿಯೊಳಗೆ ಇಳಿಸಿದಳು. "ಇದು ನನ್ನ ಹತ್ರ ಇರಲಿ, ನ್ತಾತೆ. ನಿಮಗೆ ಭಾರ."

"ಒರತೆ ಬತ್ತುತ್ತಾ ಇದೆ," ಎಂದು ಲೆತುಕಾ ನನ್ನತ್ತ ತಿರುಗಿ ಪಿಸುಗುಟ್ಟಿದರು. "ಅದಕ್ಕೇ ಬೀಗ. ನೀನು ಓದಿದವಳು, ನಿನಗೆ ಅರ್ಥವಾಗುತ್ತೆ."

ಅರ್ಥ ಮಾಡಿಕೊಳ್ಳಲೆಂದು ಅತ್ತೆಯ ಇಪ್ಪತ್ತು ಲೀಟರ್ ಬಕೆಟ್ಟನ್ನು ಒರತೆಯ ನೀರು ಬೀಳುವ ಕೊಳವೆಯ ಕೆಳಗಿಟ್ಟು ಗಡಿಯಾರ ನೋಡಿದೆ. ನಮ್ಮಲ್ಲಿ ವರ್ಷದ ಕೊನೆಗೆ ಬರುವ ಬೇಸಿಗೆಯ ಮಳೆ ಇನ್ನೂ ಶುರುವಾಗಿರಲಿಲ್ಲ. ವರ್ಷದಲ್ಲಿ ನೀರು ಅತಿ ಕಡಿಮೆಯಿರುವ ಹೊತ್ತು ಅದು. ಆಗಲೂ ನಿಮಿಷಕ್ಕೆ ಹದಿನಾಲ್ಕು ಲೀಟರ್, ದಿನಕ್ಕೆ ಇಪ್ಪತ್ತು ಸಾವಿರ.