ಹಿಂದಿನ ಮೆಟ್ಟಿಲು

"ಚಿಕ್ಕಮ್ಮಾ, ಕೆಳಗೆ ಎರಡು ಬಿಳಿ ಕಾರು ನಿಂತಿವೆ. ವಲಸೆ ಇಲಾಖೆಯೋರೇ," ಎಂದು ಏದುಸಿರು ಬಿಡುತ್ತ ಯಾದಿರ್ ಸಸ್ಯಶಾಸ್ತ್ರ ವಿಭಾಗದ ಕಚೇರಿಗೆ ನುಗ್ಗಿದ. ಬೆರಳಿಗೆಲ್ಲ ಗಾಜಿನಮನೆಯ ಹಸಿಮಣ್ಣು ಮೆತ್ತಿತ್ತು.

ಒಡಿಲಿಯಾ ಬಾರೆಲಾ ಎದ್ದು ಚಿಲಕ ಹಾಕಿದಳು. ಇಪ್ಪತ್ತೆರಡು ವರ್ಷದಿಂದ ಆ ವಿಭಾಗದ ಗುಮಾಸ್ತೆ ಆಕೆ, ವಿದ್ಯಾರ್ಥಿಗಳಿಗೆಲ್ಲ ಚಿಕ್ಕಮ್ಮ. ಯಾದಿರ್ ಹೊಂಡುರಾಸ್‌ನಿಂದ ಈ ವಿಶ್ವವಿದ್ಯಾಲಯಕ್ಕೆ ಬಂದು ಮೆಣಸಿನ ಗಿಡಗಳ ರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಯಾವುದೋ ಪ್ರತಿಭಟನೆಯ ಮೆರವಣಿಗೆಯಲ್ಲಿ ಕಂಡನೆಂದು ಹೋದ ತಿಂಗಳು ಅವನ ವೀಸಾ ರದ್ದಾಗಿತ್ತು. ಅದರ ವಿರುದ್ಧ ಅವನು ಹೂಡಿದ ಮೊಕದ್ದಮೆ ಇನ್ನೂ ನಡೆಯುತ್ತಿತ್ತು.

ವಲಸೆಯವರು ಬಂದರೆ ಏನು ಮಾಡಬೇಕೆಂದು ಡೀನ್ ಲುಸೆರೋ ಅವರೇ ಸಭೆ ಕರೆದು ಹೇಳಿಕೊಟ್ಟಿದ್ದರು. ನ್ಯಾಯಾಧೀಶರ ಸಹಿಯಿರುವ ವಾರಂಟ್ ಕೇಳಿ, ಇಲ್ಲದಿದ್ದರೆ ಬಾಗಿಲು ತೆಗೆಯಬೇಡಿ, ಮೊದಲು ನನಗೆ ಫೋನ್ ಮಾಡಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಲುಸೆರೋ ಅವಳ ಊರಿನವರೇ; ಅವರ ತಾಯಿಯ ಮಣ್ಣಿಗೂ ಅವಳು ಹೋಗಿದ್ದಳು.

ಫೋನ್ ಮಾಡಿದಳು.

"ಗಾಬರಿ ಆಗ್ಬೇಡಿ," ಎಂದರು ಡೀನ್. "ಹುಡುಗನ್ನ ಹಿಂದಿನ ಮೆಟ್ಟಿಲಿಂದ ನನ್ನ ಕೋಣೆಗೆ ಕಳಿಸಿ. ಇಲ್ಲಿಗೆ ಯಾರೂ ನುಗ್ಗಲ್ಲ."

ಅವಳು ಅದನ್ನೇ ಹೇಳಿದಾಗ ಹೊರಟ ಯಾದಿರ್ ಹಿಂದಿನ ಬಾಗಿಲಲ್ಲಿ ತಡೆದು ನಿಂತ. "ನೀವು ಬರಲ್ವಾ?"

"ನಾನು ಇಲ್ಲೇ ಅವರನ್ನ ಕೂರಿಸ್ಕೋತೀನಿ. ವಾರಂಟ್ ಎಲ್ಲಿ, ಸಹಿ ಎಲ್ಲಿ, ನನ್ನ ಕನ್ನಡಕ ಎಲ್ಲಿ ಅಂತ ಒಂದು ಗಂಟೆ ಸತಾಯಿಸ್ತೀನಿ. ನಡಿ ಮಗಾ."

ಅವನು ನಕ್ಕು, ಮೆಟ್ಟಿಲಿಳಿದು ಹೋದ.

ಯಾರೂ ಬಂದು ಬಾಗಿಲು ತಟ್ಟಲಿಲ್ಲ. ಕಾಲು ಗಂಟೆಯ ಮೇಲೆ ಕೆಳಗೆ ಕೂಗಾಟ ಕೇಳಿ ಒಡಿಲಿಯಾ ಕಿಟಕಿಗೆ ಬಂದಳು. ಎದುರಿನ ಡೀನರ ಕಟ್ಟಡದಿಂದ ಇಬ್ಬರು ಯಾದಿರ್‌ನನ್ನು ನಡೆಸಿಕೊಂಡು ಬರುತ್ತಿದ್ದರು. ಕೈಗಳು ಬೆನ್ನ ಹಿಂದಿದ್ದವು. ಬಾಗಿಲನ್ನು ಅವರಿಗಾಗಿ ಹಿಡಿದು ನಿಂತವರು ಲುಸೆರೋ. ಕಾರು ಹತ್ತುವ ಮುಂಚೆ ಹುಡುಗ ತಲೆಯೆತ್ತಿ ನೋಡಿದ್ದು ಅವಳ ಕಿಟಕಿಯನ್ನೇ.

ಅವಳು ಹೋಗುವ ಹೊತ್ತಿಗೆ ಡೀನ್ ತಮ್ಮ ಕುರ್ಚಿಯಲ್ಲಿದ್ದರು.

"ಅವರು ಆಗಲೇ ಇಲ್ಲಿದ್ರಾ?"

"ಬೆಳಿಗ್ಗೆಯಿಂದ. ತರಗತಿ ಮಧ್ಯೆ ಗಲಾಟೆ ಬೇಡ ಅಂತ ಮೇಲಿನವರು ಹೇಳಿದ್ರು, ಒಡಿಲಿಯಾ. ನೋಡಿ, ಯಾರಿಗೂ ಒಂದೇಟೂ ಬೀಳಲಿಲ್ಲ."

"ನ್ಯಾಯಾಧೀಶರ ಸಹಿ ಇತ್ತಾ?"

ಡೀನ್ ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸಿದರು.

"ಅವನು ಬಂದದ್ದು ನಿಮ್ಮ ಮಾತು ಕೇಳಿ ಅಲ್ಲ," ಎಂದಳು ಒಡಿಲಿಯಾ. "ನನ್ನ ಮಾತು ಕೇಳಿ ಬಂದ."

ನಡೆದುದನ್ನೆಲ್ಲ ಅವಳು ಯಾದಿರ್‌ನ ವಕೀಲರಿಗೆ ಹೇಳಿದಳು, ಬರೆದು ಸಹಿಯನ್ನೂ ಹಾಕಿಕೊಟ್ಟಳು. ವಿದ್ಯಾರ್ಥಿಗಳು ಮೂರು ದಿನ ಡೀನರ ಕಟ್ಟಡದ ಮುಂದೆ ಕೂತರು. ಯಾದಿರ್‌ನನ್ನು ಆರುನೂರು ಮೈಲಿ ಆಚೆಯ ಬಂಧನ ಕೇಂದ್ರಕ್ಕೆ ಒಯ್ದಿದ್ದರು. ಅವನಿಗೆ ಅವಳು ಬರೆದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ. ಸಿಬ್ಬಂದಿಗೆಲ್ಲ ಡೀನರ ಪತ್ರ ಮಾತ್ರ ಬಂತು: ಸಂಯಮದಿಂದ ವರ್ತಿಸಿದ್ದಕ್ಕೆ ಧನ್ಯವಾದಗಳು.

ಮುಂದಿನ ತಿಂಗಳು ಘಾನಾದ ಅಡ್ವೊವಾ ಎಂಬ ಹುಡುಗಿ ಚೀಟಿಯೊಂದನ್ನು ಹಿಡಿದು ಬಂದಳು. "ಅವರು ಬಂದ್ರೆ ಸ್ವಲ್ಪ ತಿಳಿಸ್ತೀರಾ? ನಾನು ಎಲ್ಲಿರ್ತೀನಿ ಅಂತ ಇದರಲ್ಲಿ ಬರೆದಿದೀನಿ."

ಒಡಿಲಿಯಾ ಕೈ ಚಾಚಲಿಲ್ಲ. "ಫೋನ್ ನಂಬರ್ ಕೊಡು, ಸಾಕು. ಎಲ್ಲಿರ್ತೀಯ ಅಂತ ನನಗೆ ಹೇಳ್ಬೇಡ ಕಣಮ್ಮ. ಯಾರಿಗೂ ಹೇಳ್ಬೇಡ."

ಹುಡುಗಿ ನಂಬರಿನ ತುಂಡನ್ನಷ್ಟೇ ಹರಿದು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಅವಳು ಎಡಕ್ಕೆ ತಿರುಗಿದಳೋ ಬಲಕ್ಕೋ ಕಾಣದಿರಲೆಂದು ಒಡಿಲಿಯಾ ಗೋಡೆಯ ಕಡೆ ಮುಖ ಮಾಡಿ, ಹೆಜ್ಜೆಯ ಸದ್ದು ಅಡಗುವವರೆಗೂ ಹಾಗೇ ಕುಳಿತಳು.