ಜೆಮಿಮಾ ಬಿಟ್ಟುಹೋದ ಬೀಜ

"ಸಸಿದೊಡ್ಡಿಗೆ ಬಾಗಿಲು ಇಡ್ಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೀತಪ್ಪಾ?"

ಗಿಬ್ಬಿ ಅಜ್ಜ ಕೇಳಿದ್ದು ಯಾರನ್ನೂ ಅಲ್ಲ. ಅವನ ಎದುರಿಗಿದ್ದದ್ದು ಗುಡ್ಡದ ಇಳಿಜಾರು, ಅದರಾಚೆ ಸಮುದ್ರ, ನಡುವೆ ನಾಲ್ಕು ಕುರಿ. ಎರಡು ದಿನ ಒಂದೇ ಸಮನೆ ಬೀಸಿದ ಸೆಪ್ಟೆಂಬರ್ ಗಾಳಿ ಅವತ್ತು ಬೆಳಿಗ್ಗೆ ನಿಂತಿತ್ತು. ಏನು ಉಳಿದಿದೆ ನೋಡೋಣವೆಂದು ಓಸ್ಲಾ ನನ್ನನ್ನು ಕರೆದುಕೊಂಡು ಬಂದಿದ್ದಳು. ನಮಗಿಂತ ಮೊದಲೇ ಅಜ್ಜ ಬಂದು, ಗೋಡೆಗೆ ಮೊಣಕೈ ಊರಿ ನಿಂತುಬಿಟ್ಟಿದ್ದ. ನಾವು ಬಂದದ್ದು ಅವನಿಗೆ ಗೊತ್ತಿರಲಿಲ್ಲ.

"ಆ ಪುಣ್ಯಾತ್ಮ ನಾನೇ," ಅಂದಳು ಓಸ್ಲಾ.

ಅಜ್ಜ ತಿರುಗಿದ. ಎಂಬತ್ತಮೂರು ವರ್ಷದ ಮುಖ, ಟೋಪಿ ಕಿವಿಯವರೆಗೆ.

"ಬಕೆಟ್ ಹಿಡ್ಕೊಂಡು ದಿನಾ ಗೋಡೆ ಹತ್ತಿ ಇಳಿದು ಸಾಕಾಗಿತ್ತು ಅಜ್ಜ. ಟ್ಯಾಮಿ ದೋಣಿಯಿಂದ ಬಂದಾಗ ಒಂದಿಷ್ಟು ಕಲ್ಲು ತೆಗೆಸಿ ಹಲಗೆ ಕಟ್ಟಿಸ್ದೆ."

"ನಿನಗೆ ಗೊತ್ತಿಲ್ಲ, ನೀನು ಪೇಟೆಯೋಳು. ನಿನ್ನ ಗಂಡನಿಗಾದ್ರೂ ಗೊತ್ತಿರ್ಬೇಡ್ವಾ? ಇಲ್ಲೇ ಹುಟ್ಟಿದ ಗಂಡು!"

"ಅವನಿಗೆ ಮೀನು ಗೊತ್ತು."

"ಮೀನಿಗೂ ಗೊತ್ತಿರುತ್ತೆ ಹುಡುಗಿ, ಗಾಳಿಗೆ ದಾರಿ ತೋರಿಸ್ಬಾರ್ದು ಅಂತ."

ನಮ್ಮ ಶೆಟ್‌ಲ್ಯಾಂಡಿನ ದ್ವೀಪಗಳ ಗುಡ್ಡಗಳ ಮೇಲೆ ಸಸಿ ಎಬ್ಬಿಸುವ ಇಂಥ ದುಂಡು ದೊಡ್ಡಿಗಳು ನೂರಾರಿವೆ, ಬಹುಪಾಲು ಪಾಳುಬಿದ್ದಿವೆ. ಎದೆಯೆತ್ತರದ ಕಲ್ಲುಗೋಡೆ, ಗಾರೆಯಿಲ್ಲ, ಬಾಗಿಲಿಲ್ಲ. ಕಲ್ಲು ಕಲ್ಲಿನ ಸಂದಿಯಲ್ಲಿ ಗಾಳಿ ಸೋಸಿಕೊಂಡು ಬಂದು ಸಸಿಗಳ ತಲೆ ಸವರಿ ಹೋಗುತ್ತದೆ. ಒಂದೇ ಕಡೆ ದಾರಿ ಬಿಟ್ಟರೆ ಒಳಗೆ ನುಗ್ಗಿ, ಬೆಣ್ಣೆ ಕಡೆಯುವ ಹಾಗೆ ಗಿರಗಿರನೆ ತಿರುಗುತ್ತದೆ. ಹಾಗೇ ಆಗಿತ್ತು. ಹಲಗೆಯ ಬಾಗಿಲು ಹಳ್ಳದಾಚೆ ಬಿದ್ದಿತ್ತು. ಓಸ್ಲಾ ಗೋಡೆಯ ತೆರೆದ ಬಾಯಿಯಿಂದ ಒಳಹೋಗಿ ಮೊಣಕಾಲೂರಿ ಎಣಿಸಿದಳು. ಆಗಸ್ಟಿನಲ್ಲಿ ಮೊಳೆತದ್ದು ನಲವತ್ತಮೂರು ಸಸಿ. ಈಗ ಹದಿನಾಲ್ಕು.

ಅವಳು ಅಳಲಿಲ್ಲ. ಉಳಿದ ಸಸಿಗಳ ಬುಡಕ್ಕೆ ಒಂದೊಂದಾಗಿ ಮಣ್ಣು ಒತ್ತತೊಡಗಿದಳು.

ಅದು ಬರೀ ಸೊಪ್ಪಿನ ಪ್ರಶ್ನೆಯಾಗಿರಲಿಲ್ಲ. ಎಲೆಕೋಸಿನ ಜಾತಿಯ ಈ ಕೇಲ್ ಅವಳ ಅತ್ತೆ ಜೆಮಿಮಾಳ ಮನೆತನದ್ದು. ಹಿಂದೆ ಇಲ್ಲಿ ಒಂದೊಂದು ಮನೆಗೂ ತನ್ನದೇ ಕೇಲ್ ಇತ್ತು. ಬೀಜ ಕಟ್ಟಿ ಇಟ್ಟುಕೊಳ್ಳುತ್ತಿದ್ದರು, ಮಗಳ ಮದುವೆಗೆ ಒಂದು ಚಿಟಿಕೆ ಕಳಿಸುತ್ತಿದ್ದರು. ಹಡಗಿನಲ್ಲಿ ತರಕಾರಿ ಬರತೊಡಗಿದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ನನ್ನ ತಾಯಿಯೂ ಬಿಟ್ಟಳು. ಬಿಡದೆ ಉಳಿದವಳು ಜೆಮಿಮಾ ಒಬ್ಬಳೇ. ಮಂಡಿ ಕೈಕೊಟ್ಟ ಮೇಲೆ ಅವಳೂ ಬಿತ್ತಲಿಲ್ಲ. ಹಾಸಿಗೆ ಹಿಡಿದಾಗ ಕೋಕೋ ಡಬ್ಬಿಯೊಂದನ್ನು ಸೊಸೆಯ ಕೈಯಲ್ಲಿಟ್ಟು, "ಟ್ಯಾಮಿಗೆ ಕೊಟ್ರೆ ಗಾಳದ ಪೆಟ್ಟಿಗೇಲಿ ಹಾಕಿ ಮರೀತಾನೆ, ನೀನು ಇಟ್ಕೋ," ಅಂದಳು. ಕಾಯಿಲೆಯವರಿಗೆ ಹೂಂ ಅನ್ನುವ ಹಾಗೆ ಓಸ್ಲಾ ಹೂಂ ಅಂದಳು. ಅತ್ತೆ ತೀರಿಕೊಂಡ ಮೇಲೂ ಎರಡು ವರ್ಷ ಡಬ್ಬಿ ಬೀರುವಿನ ಮೇಲೇ ಕೂತಿತ್ತು. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ನನ್ನ ತೋಳು ಹಿಡಿದು, "ಆಗ್ನೆಸ್ ಅಕ್ಕ, ಸತ್ತೋರಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲಾ," ಅಂದಳು. ಮರುದಿನವೇ ಗುದ್ದಲಿ ಹಿಡಿದಳು. ಹಳೆಯ ಬೀಜ, ಇನ್ನೊಂದು ವರ್ಷ ಬಿಟ್ಟರೆ ಮೊಳೆಯುವುದು ಅನುಮಾನ. ಅದಕ್ಕೇ ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಿತ್ತಿದ್ದಳು. ಉಳಿಸಿಕೊಂಡದ್ದು ಒಂದು ಕಾಳೂ ಇಲ್ಲ.

"ಏಳು ಏಳು," ಅಂದ ಅಜ್ಜ. "ಹದಿನಾಲ್ಕು ಇದ್ಯಲ್ಲ. ಆ ಕಲ್ಲು ಎಲ್ಲಿ ಹಾಕಿದಾನೆ ನಿನ್ನ ಮೀನುಗಾರ?"

ಮೂವರೂ ಸೇರಿ ಗೋಡೆ ಮುಚ್ಚಿದೆವು. ಕಲ್ಲು ಹೊತ್ತವರು ನಾವು, ಇಟ್ಟವನು ಅವನು. ಒಂದೊಂದು ಕಲ್ಲನ್ನೂ ಮಗುವಿನ ಮುಖ ನೋಡುವಂತೆ ತಿರುಗಿಸಿ ನೋಡಿ, ಕೂರಿಸಿ, ಅಂಗೈಯಲ್ಲಿ ಒಮ್ಮೆ ತಟ್ಟುತ್ತಿದ್ದ. ಬಾಯಲ್ಲಿ ಸಣ್ಣಗೆ ಕೀರ್ತನೆಯ ಸಾಲುಗಳು. ಸಾಲು ಮುಗಿಯುವುದಕ್ಕೂ ಕಲ್ಲು ಕೂರುವುದಕ್ಕೂ ಸರಿಹೋಗುತ್ತಿತ್ತು. ನನ್ನ ಅಪ್ಪನೂ ಹಾಗೇ, ಬಲೆ ಹೆಣೆಯುವಾಗ. ನಾನು ಕೇಳಿಸಿಕೊಳ್ಳುತ್ತ ಕಲ್ಲು ಕೊಟ್ಟೆ.

"ಇನ್ನು ಒಳಗೆ ಹೋಗೋದು ಹೇಗೆ?" ಅಂದಳು ಓಸ್ಲಾ.

"ನಿಮ್ಮತ್ತೆ ಎಂಟು ತಿಂಗಳ ಬಸುರಿ ಹತ್ತಿ ಇಳೀತಿದ್ಲು. ನಿನಗೇನು ದಾಡಿ?"

ವಸಂತಕ್ಕೆ ಹದಿನಾಲ್ಕರಲ್ಲಿ ಹನ್ನೆರಡು ಉಳಿದವು. ಮನೆಯ ಹಿಂದಿನ ಹಿತ್ತಲಿಗೆ ತಂದು ನೆಟ್ಟಳು. ಫೆಬ್ರವರಿಯಿಂದಲೇ ಸಮುದ್ರದ ಪಾಚಿ ಹೊತ್ತು ತಂದು ಮಣ್ಣಿಗೆ ಹೊದಿಸಿದ್ದಳು. ಗಾಳಿಯ ಕಡೆಗೆ ಹಳೆಯ ಮೀನಿನ ಬಲೆ ಮೂರು ಪದರ ಕಟ್ಟಿದ್ದಳು. ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಂತು, "ಏನು ಓಸ್ಲಾ, ಗಾಳಿ ಹಿಡಿಯೋಕೆ ಬಲೆ ಹಾಕಿದೀಯಾ? ಬಿತ್ತಾ ಎರಡಾದ್ರೂ?" ಎಂದು ಕೇಳುತ್ತಿದ್ದರು. "ದೊಡ್ಡದು ಬಿದ್ರೆ ನಿಮಗೂ ಒಂದು ತುಂಡು ಕಳಿಸ್ತೀನಿ," ಅನ್ನುತ್ತಿದ್ದಳು.

ಮೇ ತಿಂಗಳಲ್ಲಿ ಉಪ್ಪುಗಾಳಿ ಎರಡನ್ನು ಸುಟ್ಟಿತು. ಬೇರಿನ ಹುಳ ಎರಡನ್ನು ತಿಂದಿತು. ಟ್ಯಾಮಿ ಹಿತ್ತಲಿನ ಪಟ್ಟಿಬಾಗಿಲು ಹಾಕುವುದು ಮರೆತ ದಿನ ನೆರೆಯ ಕುರಿಯೊಂದು ಒಳಬಂದು ಇನ್ನೊಂದನ್ನು ಮುಗಿಸಿತು; ಅವನು ಆ ವಾರ ದೋಣಿಗೆ ಎರಡು ದಿನ ಮೊದಲೇ ಹೊರಟುಹೋದ. ಚಳಿಗಾಲ ಬರುವ ಹೊತ್ತಿಗೆ ನಿಂತದ್ದು ಏಳು. ಆದರೆ ಎಂಥ ಏಳು! ಗಿಡ್ಡನೆಯ ದಪ್ಪ ಕಾಂಡ, ನೇರಳೆ ನರದ ಎಲೆ, ನಡುವೆ ಮುಷ್ಟಿ ಬಿಗಿದಂತೆ ಕೂಡಿಕೊಂಡ ಒಳಗಡ್ಡೆ.

"ಇನ್ನು ಮುಟ್ಬೇಡ," ಅಂದ ಅಜ್ಜ. "ಬರೋ ಮೇ ತಿಂಗಳಿಗೆ ಒಳಗಡ್ಡೆ ಸೀಳ್ಕೊಂಡು ಹೂವು ಬರುತ್ತೆ. ಹೂ ಬಿಡೋ ಗಿಡ ಆರಕ್ಕಿಂತ ಕಮ್ಮಿಯಾದ್ರೆ ಬೀಜ ಜೊಳ್ಳು. ಫೆಬ್ರವರಿ ಗಾಳಿ ಒಂದನ್ನಂತೂ ಕೇಳುತ್ತೆ."

ಭಾನುವಾರದ ಪ್ರಾರ್ಥನೆಯಲ್ಲಿ ಕಾಯಿಲೆಯವರ ಹೆಸರು ಓದಿ ಎಲ್ಲರೂ ಕಣ್ಣುಮುಚ್ಚಿದಾಗ, ಆ ಏಳನ್ನೂ ನಾನು ಮನಸ್ಸಿನಲ್ಲೇ ಪಟ್ಟಿಗೆ ಸೇರಿಸುತ್ತಿದ್ದೆ. ತಪ್ಪೋ ಸರಿಯೋ ಗೊತ್ತಿಲ್ಲ.

ಡಿಸೆಂಬರಿನಲ್ಲಿ ಪಟ್ಟಿಗೆ ಗಿಬ್ಬಿ ಅಜ್ಜನ ಹೆಸರೂ ಬಂತು. ಎದೆಯಲ್ಲಿ ಕಫ. ಮೂರು ವಾರ ಮಲಗಿದ. ಒಂದು ದಿನ ನಾನು, ಒಂದು ದಿನ ಓಸ್ಲಾ ಊಟ ಒಯ್ಯುತ್ತಿದ್ದೆವು. ಎರಡು ಚಮಚ ಬಾಯಿಗಿಟ್ಟು ಬಟ್ಟಲು ದೂಡುತ್ತಿದ್ದ. ಕೊರಳಪಟ್ಟಿ ಸಡಿಲವಾಗಿ ಕುತ್ತಿಗೆ ಕೋಳಿಯ ಕತ್ತಿನಂತಾಯಿತು. ನರ್ಸ್ ಬಂದು ನೋಡಿ, ಔಷಧಿ ತನ್ನ ಕೆಲಸ ಮಾಡಿದೆ, ಇನ್ನು ಅವರು ತಿನ್ನಬೇಕಷ್ಟೇ ಅಂದಳು.

ಜನವರಿಯ ಹತ್ತನೆಯ ದಿನ ಗಾಳಿ ಇರಲಿಲ್ಲ. ಮಧ್ಯಾಹ್ನ ಓಸ್ಲಾಳ ಹಿತ್ತಲಿನಲ್ಲಿ ನಾವಿಬ್ಬರೂ ಬಲೆಯ ಹಗ್ಗ ಬಿಗಿಯುತ್ತಿದ್ದೆವು. ಕೋಲೂರಿಕೊಂಡು ಅಜ್ಜ ಬಂದ. ಅರ್ಧ ಮೈಲಿ ಅವನು ಒಬ್ಬನೇ ನಡೆದಿದ್ದ.

"ಅಯ್ಯೋ, ಹೇಳಿ ಕಳಿಸಿದ್ರೆ ನಾವೇ ಬರ್ತಿರ್ಲಿಲ್ವಾ!" ಅಂದೆ.

"ಕೇಳೋಕೆ ಬಂದಿದೀನಿ. ಕೇಳೋನು ತಾನೇ ಬರ್ಬೇಕು." ಅವನು ಟೋಪಿ ತೆಗೆದ. "ಓಸ್ಲಾ, ಆ ಮೂಲೇದೊಂದು ಕಡಿದು ಕೊಡ್ತೀಯಾ? ಆಗ್ನೆಸ್ ಹತ್ರ ಒಣಗಿಸಿದ ಕುರಿಮಾಂಸ ಇದೆ. ಎರಡನ್ನೂ ಒಟ್ಟಿಗೆ ಬೇಯಿಸಿದ ಸಾರು, ನಮ್ಮೋಳು ಮಾಡ್ತಿದ್ಲು. ನಾಲಿಗೆಗೆ ಏನೂ ಹತ್ತಾ ಇಲ್ಲ ಮಗಾ. ಅದೊಂದು ಹತ್ತುತ್ತೆ ಅನ್ನಿಸ್ತಿದೆ."

ಓಸ್ಲಾ ಹಗ್ಗ ಬಿಟ್ಟು ಎದ್ದಳು.

"ಹೊರಗಿನ ಎಲೆ ಎಷ್ಟು ಬೇಕಾದ್ರೂ ಕಿತ್ಕೊಡ್ತೀನಿ ಅಜ್ಜ. ಈಗ್ಲೇ."

"ಹೊರಗಿನ ಎಲೆ ಹಸುಗೆ. ನನಗಿನ್ನೂ ಕೊಂಬು ಬಂದಿಲ್ಲ." ನಗಲು ಹೋಗಿ ಕೆಮ್ಮಿದ, ಕೆಮ್ಮು ನಿಲ್ಲಲು ತುಂಬ ಹೊತ್ತಾಯಿತು. "ಒಳಗಡ್ಡೆ ಬೇಕು. ಒಂದೇ ಒಂದು. ಮುಂದಿನ ವರ್ಷ ತಿಂತೀನಿ ಅನ್ನೋ ವಯಸ್ಸಲ್ಲ ನಂದು."

ಕೊಡು ಅನ್ನಬೇಕೆನಿಸಿತು ನನಗೆ. ಆ ಗೋಡೆ ಅವನು ಕಟ್ಟಿದ್ದು. ಅವನಿಲ್ಲದಿದ್ದರೆ ಇಲ್ಲಿ ಒಂದು ಗಿಡವೂ ಇರುತ್ತಿರಲಿಲ್ಲ. ಆದರೆ ಬೀಜ ಒಪ್ಪಿಸಿಕೊಂಡವಳು ನಾನಲ್ಲ. ಏಳರಲ್ಲಿ ಒಂದು ಕಡಿದರೆ ಉಳಿಯುವುದು ಆರೇ, ಫೆಬ್ರವರಿ ಪೂರ್ತಿ ಮುಂದಿತ್ತು. ನಾನು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದೆ.

ಓಸ್ಲಾ ಮೊದಲು ಅವನ ಸಡಿಲ ಕೊರಳಪಟ್ಟಿ ನೋಡಿದಳು. ಆಮೇಲೆ ಗಿಡಗಳನ್ನು. ನಡೆದು ಬಂದು ಅವನಿಗೂ ಸಾಲಿಗೂ ನಡುವೆ ನಿಂತಳು. ಕೋಲು ಹಿಡಿದ ಅವನ ಕೈಯ ಮೇಲೆ ಮಣ್ಣಾದ ತನ್ನೆರಡು ಕೈಗಳನ್ನೂ ಇಟ್ಟಳು.

"ಇಲ್ಲ ಅಜ್ಜ," ಅಂದಳು. "ಕೊಡಲ್ಲ."